ಬಿಸ್ಕತ್ತು ಹೋಗಿ ಮೀನು ಬಂತು

"ಮಗಳ ಮನೆಗೆ ಹೋಗಿದ್ರಲ್ಲ ರಾಯರೇ, ನ್ಯೂಯಾರ್ಕಲ್ಲಿ ಏನು ನೋಡಿದ್ರಿ?" ಕಾಂಪೌಂಡಿನಾಚೆಯಿಂದ ಮೇಷ್ಟ್ರು ವಿಚಾರಿಸಿದರು. ಸ್ವಾತಂತ್ರ್ಯದೇವಿ ಅಂದಿದ್ದರೆ ಖುಷಿಪಡುತ್ತಿದ್ದರು. ನಾನು ಸಂತೆ ಅಂದೆ.

"ಸಂತೆ ನೋಡೋದಕ್ಕೂ ವೀಸಾ ಬೇಕಿತ್ತೇನ್ರೀ?"

"ಇದು ಸೂರಿನ ಕೆಳಗಿನ ಸಂತೆ. ಚೆಲ್ಸಿ ಮಾರ್ಕೆಟ್ ಅಂತ. ಒಂಬತ್ತನೇ ಅವೆನ್ಯೂನಲ್ಲಿ ಹೊಕ್ಕರೆ ಹತ್ತನೇ ಅವೆನ್ಯೂ ಕಡೆಗೆ ನಡೀತಾ ಹೋಗಬಹುದು. ಬಿಸಿಲಿಲ್ಲ, ಮಳೆಯಿಲ್ಲ, ಬರೀ ವಾಸನೆ. ಇಲ್ಲಿ ಬ್ರೆಡ್ಡು, ಅಲ್ಲಿ ಮೆಕ್ಸಿಕೋದವರ ಟಾಕೋ, ಮುಂದೆ ಮಂಜುಗಡ್ಡೆ ಮೇಲೆ ಮಲಗಿಸಿದ ಮೀನು, ಕೆಂಪಗೆ ಬೆಂದ ಲಾಬ್‌ಸ್ಟರ್. ನಮ್ಮಾಕೆ ಆ ಮೂಲೇನ ಉಸಿರು ಬಿಗಿಹಿಡಿದೇ ದಾಟಿದಳು."

"ಮಾಲ್ ಅನ್ನಿ."

"ಮಾಲ್ ಆಗಿದ್ರೆ ಥಳಥಳ ಅಂತಿತ್ತು. ಇದು ನ್ಯಾಷನಲ್ ಬಿಸ್ಕೆಟ್ ಕಂಪನಿಯ ಹಳೇ ಕಾರ್ಖಾನೆ. ನಿಮ್ಮ ಮೊಮ್ಮಗ ಹಾಲಲ್ಲಿ ಅದ್ದಿ ತಿಂತಾನಲ್ಲ ಓರಿಯೋ, ಅದು ಹುಟ್ಟಿದ್ದೇ ಅಲ್ಲಿ, 1912ರಲ್ಲಿ."

"ಅಷ್ಟು ಹಳೇದೇ! ಮೊನ್ನೆ ಮೊನ್ನೆ ಬಂದದ್ದು ಅಂದ್ಕೊಂಡಿದ್ದೆ."

"ನಮ್ಮ ದೇಶಕ್ಕೆ ಬಂದದ್ದು 2011ರಲ್ಲಿ, ಅದಕ್ಕೇ. ಆ ಕಾರ್ಖಾನೆಯೋ, ಮಹಡಿ ಮೇಲೆ ಮಹಡಿ. ಹೊಸ ಕಾಲದ ಓವನ್ನುಗಳಿಗೆ ಉದ್ದಾನುದ್ದ ನೆಲ ಬೇಕು. 1958ರಲ್ಲಿ ಕಂಪನಿ ನ್ಯೂಜೆರ್ಸಿಗೆ ಗಂಟುಮೂಟೆ ಕಟ್ಟಿತು. ಆಮೇಲೆ ಅರ್ವಿನ್ ಕೋಹೆನ್ ಅನ್ನೋರು ಕೊಂಡು 1997ರಲ್ಲಿ ಮಾರ್ಕೆಟ್ ತೆರೆದರು. ಇಟ್ಟಿಗೆ, ಕಬ್ಬಿಣ, ಪೈಪು ಯಾವುದನ್ನೂ ಮುಚ್ಚಲಿಲ್ಲ. ಒಂದು ಪೈಪಿಂದ ನೀರು ಧೋ ಅಂತ ಬಾವಿಯಂಥ ಗುಂಡಿಗೆ ಬೀಳುತ್ತೆ. ಜನ ನಿಂತು ಫೋಟೋ ತೆಗೀತಾರೆ."

"ನಮ್ಮ ಟ್ಯಾಂಕೂ ಹಾಗೇ ಸುರೀತಿದೆ. ಟಿಕೆಟ್ ಇಡೋಣವೇ?"

ಇಟ್ಟರೂ ಇಡಬಹುದು. ಆ ಕಟ್ಟಡವನ್ನೇ ತೂರಿಕೊಂಡು ಹೋಗುವ ಸರಕು ರೈಲಿನ ಮೇಲ್ಸೇತುವೆ ಈಗ ಹೂತೋಟವಾಗಿದೆ. 2018ರಲ್ಲಿ ಗೂಗಲ್ ಇಡೀ ಕಟ್ಟಡಕ್ಕೆ 240 ಕೋಟಿ ಡಾಲರ್ ಕೊಟ್ಟಿತು ಅಂದಾಗ ಮೇಷ್ಟ್ರು ರೂಪಾಯಿಗೆ ಗುಣಿಸಲು ಹೋಗಿ ಕೈಬಿಟ್ಟರು.

"ಬಿಸ್ಕತ್ತಿಗೋಸ್ಕರವೇ?"

"ಮೇಲೆ ಆಫೀಸುಗಳಿವೆ. ಕೆಳಗೆ ಊಟ. ಕೂರೋಕೆ ಜಾಗ ಸಿಕ್ಕರೆ ಪುಣ್ಯ. ಟಾಕೋ ಅಂಗಡಿ ಮುಂದೆ ನಿಂತುಕೊಂಡೇ ತಿನ್ನಬೇಕು. ನನಗದು ತೊಂದರೆಯಲ್ಲ, ದರ್ಶಿನಿಯಲ್ಲಿ ಪಳಗಿದ ಕಾಲು. ಆದ್ರೆ ಬೋರ್ಡಲ್ಲಿ ಬರೆದದ್ದೇ ಬೆಲೆ, ಅದರ ಮೇಲೆ ಟ್ಯಾಕ್ಸು ಬೇರೆ."

"ಚೌಕಾಸಿ ಇಲ್ಲವೇ? ಕೊಸರು?"

"ಹಣ್ಣಿನಂಗಡೀಲಿ ನಮ್ಮಾಕೆ ಕೇಳಿಯೂ ನೋಡಿದಳು ಮೇಷ್ಟ್ರೇ, ಕನ್ನಡದಲ್ಲೇ. ಮಗಳು ಇವರ್ಯಾರೋ ಗೊತ್ತಿಲ್ಲ ಅನ್ನೋ ಹಾಗೆ ಮೀನಿನ ಕಡೆ ಹೋಗಿಬಿಟ್ಟಳು."