ತುಸುವೇ ತುಸು ಏರು

ತಪ್ಪು ನನ್ನದೇ. ಡಾರ್ಮ್‌ಸ್ಟಾಟ್‌ಗೆ ಬಂದ ಎರಡನೇ ವರ್ಷ, ಕಚೇರಿಯ ಕ್ಯಾಂಟೀನಿನಲ್ಲಿ ಬೇಯಿಸಿದ ಆಲೂಗಡ್ಡೆ ಮುಗಿಸಿ ಸುಮ್ಮನೆ ಎದ್ದು ಬರುವುದು ಬಿಟ್ಟು, ನಮ್ಮ ವಿಜಯಪುರ–ಬಾಗಲಕೋಟೆ ಸೀಮೆ ಇಡೀ ದೇಶಕ್ಕೆ ಸೈಕಲ್ ಪಟುಗಳನ್ನು ಕೊಡುವ ಸೀಮೆ ಎಂದುಬಿಟ್ಟೆ. ಹೇಳಿದ್ದು ಸುಳ್ಳಲ್ಲ. ಅಲ್ಲಿಯ ಹುಡುಗ ಹುಡುಗಿಯರು ರಾಷ್ಟ್ರೀಯ ಕೂಟಗಳಿಂದ ಪದಕ ತರುವುದು ಜೋಳದ ಸುಗ್ಗಿಯಷ್ಟೇ ಮಾಮೂಲು. ಆದರೆ 'ನಮ್ಮ' ಎಂಬ ಮಾತನ್ನು ಕನ್ನಡಿಗ ಆಡುವುದು ಒಂದು ಬಗೆ, ಜರ್ಮನರು ಕೇಳಿಸಿಕೊಳ್ಳುವುದು ಇನ್ನೊಂದು ಬಗೆ. ನಮ್ಮ ಕುಮಾರವ್ಯಾಸ ಅಂದ ಮಾತ್ರಕ್ಕೆ ನನಗೆ ಷಟ್ಪದಿ ಬರುತ್ತದೆಂದು ಊರಲ್ಲಿ ಯಾರೂ ತಿಳಿಯುವುದಿಲ್ಲ. ಇಲ್ಲಿ ತಿಳಿದರು. ಮೇಜಿನ ಆಚೆ ಕೂತಿದ್ದ ನಾಲ್ವರು ಫೋರ್ಕು ಕೆಳಗಿಟ್ಟು, ಬಗ್ಗಿ, ನನ್ನ ಕಾಲು ನೋಡಿದರು.

ನನ್ನ ಸೈಕಲ್ ಸಾಧನೆ ಇಷ್ಟು. ಅಪ್ಪನ ಅಟ್ಲಾಸ್ ಸೈಕಲ್ಲಿನಲ್ಲಿ ಮೊದಲು ಒಳಪೆಡಲು ಹೊಡೆದು, ಆಮೇಲೆ ಕಾಲು ಬಾರು ದಾಟುವಷ್ಟು ಬೆಳೆದು, ಕ್ಯಾರಿಯರಿಗೆ ಜೋಳದ ಚೀಲ ಬಿಗಿದುಕೊಂಡು ಗಿರಣಿಗೆ ಹೋಗಿ ಹಿಟ್ಟು ಬೀಸಿಸಿಕೊಂಡು ಬರುತ್ತಿದ್ದೆ. ಚೀಲ ಎತ್ತ ವಾಲಿದರೆ ಸೈಕಲ್ಲೂ ಅತ್ತ. ಮನೆ ಮುಟ್ಟುವ ಹೊತ್ತಿಗೆ ನಾನೂ ಒಂದು ಹಿಟ್ಟಿನ ಗೊಂಬೆ. ಇದಕ್ಕೆ ಯಾವ ರಾಷ್ಟ್ರೀಯ ಕೂಟದಲ್ಲೂ ವಿಭಾಗವಿಲ್ಲ. ಮೇಲಾಗಿ ನಮ್ಮದು ಹಪ್ಪಳದಂಥ ಊರು. ಏರಬೇಕು ಅನ್ನಿಸಿದರೆ ಗೋಲಗುಮ್ಮಟದ ಮೆಟ್ಟಿಲಿವೆ, ಉಪ್ಪಲಿ ಬುರುಜಿನ ಮೆಟ್ಟಿಲಿವೆ. ಎರಡಕ್ಕೂ ಸೈಕಲ್ ಒಯ್ಯುವ ಪದ್ಧತಿಯಿಲ್ಲ.

ಆದರೂ ಮಾನ ಉಳಿಸಿಕೊಳ್ಳಬೇಕಲ್ಲ. ತೆಳ್ಳನೆ ಟೈರಿನ, ಟಗರಿನ ಕೊಂಬಿನಂಥ ಹ್ಯಾಂಡಲ್ಲಿನ ಸೈಕಲ್ ಕೊಳ್ಳಲು ಹೋದೆ. ಬೆಲೆ ಕೇಳಿ ಸುಧಾರಿಸಿಕೊಂಡ ಮೇಲೆ ನೋಡುತ್ತೇನೆ: ಸ್ಟ್ಯಾಂಡಿಲ್ಲ, ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ. ಗಂಟೆಯೂ ಇಲ್ಲ, ದೀಪವೂ ಇಲ್ಲ. ಈ ಎರಡೂ ಇಲ್ಲಿಯ ಕಾನೂನಿಗೆ ಬೇಕೇ ಬೇಕು. ಇರಲಿ ಎಂದು ಇನ್ನಷ್ಟು ಬಗ್ಗಿ ನೋಡಿದರೆ ಪೆಡಲೇ ಇಲ್ಲ! ಅಂಗಡಿಯವನಿಗೆ ತೋರಿಸಿದೆ. ದುಬಾರಿ ಸೈಕಲ್ಲುಗಳು ಹಾಗೇ ಬರುವುದು, ಪೆಡಲು ಅವರವರ ಇಷ್ಟ ಎಂದ. ಕನ್ಯೆ ನೋಡಲು ಹೋದವರಿಗೆ ಫೋಟೊ ಕೊಟ್ಟು ಕಳಿಸಿದ ಹಾಗಾಯಿತು.

ಆಮೇಲೆ ಯೋಚಿಸಿದರೆ ಅವನ ಕಡೆಯೂ ಒಂದು ಪರಂಪರೆಯಿದೆ. ಡಾರ್ಮ್‌ಸ್ಟಾಟ್‌ನಿಂದ ದಕ್ಷಿಣಕ್ಕೆ, ರೈಲಿನಲ್ಲಿ ಒಂದು ಗಂಟೆಯೂ ಹಿಡಿಯದ ಮಾನ್‌ಹೈಮ್‌ನಲ್ಲಿ, 1817ರ ಜೂನ್ 12ರಂದು ಕಾರ್ಲ್ ಡ್ರೈಸ್ ಎಂಬ ಪುಣ್ಯಾತ್ಮ ಎರಡು ಚಕ್ರದ ಮರದ ಗಾಡಿ ಹತ್ತಿ ಜಗತ್ತಿನ ಮೊದಲ ಸೈಕಲ್ ಸವಾರಿ ಮಾಡಿದ. ಅದಕ್ಕೂ ಪೆಡಲಿರಲಿಲ್ಲ. ನೆಲವನ್ನು ಕಾಲಿನಿಂದ ಒದ್ದು ಒದ್ದು ಮುಂದಕ್ಕೆ ಹೋಗಬೇಕಿತ್ತು. ಇನ್ನೂರು ವರ್ಷ ಕಳೆದರೂ ಅಂಗಡಿಯವರು ಮೂಲ ವಿನ್ಯಾಸಕ್ಕೇ ಅಂಟಿಕೊಂಡಿದ್ದಾರೆ. ಪೆಡಲಿಗೆ ಬೇರೆ, ಆ ಪೆಡಲನ್ನು ಕಚ್ಚಿ ಹಿಡಿಯುವ ಬೂಟಿಗೆ ಬೇರೆ ಹಣ ಎಣಿಸಿ ಮನೆಗೆ ತಂದೆ.

ಅವ್ವನಿಗೆ ಫೋನಿನಲ್ಲಿ ಹೇಳಿದೆ, ಸೈಕಲ್ ಕೊಂಡೆ ಎಂದು. ಒಂದು ಕ್ಷಣ ಸುಮ್ಮನಿದ್ದಳು. "ಯಾಕಪಾ, ಕೆಲಸಾ ಗಿಲಸಾ ಹೋತೇನು?" ಹಾಗಲ್ಲ, ವ್ಯಾಯಾಮಕ್ಕೆ ಎಂದೆ. ಬೆಲೆ ಕೇಳಿದಳು. ಅರ್ಧ ಕಡಿಮೆ ಮಾಡಿ ಹೇಳಿದೆ. "ಅಷ್ಟು ರೊಕ್ಕಕ್ಕ ಇಲ್ಲಿ ಎಮ್ಮಿ ಬರ್ತಿತ್ತು, ಹಾಲರೆ ಕೊಡ್ತಿತ್ತು." ವಿಡಿಯೊದಲ್ಲಿ ಸೈಕಲ್ ತೋರಿಸಿದೆ. ಹಿಂದೆ ಮುಂದೆ ನೋಡಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಕ್ಯಾರಿಯರ್ ಇಲ್ಲಂದ್ರ ಚೀಲ ಎಲ್ಲಿ ಇಡ್ತೀ?"

ಮೊದಲ ತಿಂಗಳು ಮೆಸೆಲ್ ಕಡೆ ಓಡಿಸಿದೆ. ಕಾಡಿನ ನಡುವೆ ಹತ್ತು ಕಿಲೋಮೀಟರ್, ಹೆಚ್ಚುಕಡಿಮೆ ಸಪಾಟು. ಅಲ್ಲಿಯ ಹಳೆಯ ಗಣಿಯ ಗುಂಡಿಯಲ್ಲಿ 4.8 ಕೋಟಿ ವರ್ಷ ಹಿಂದಿನ, ನಾಯಿಯಷ್ಟೇ ಎತ್ತರದ ಕುದುರೆಗಳ ಪಳೆಯುಳಿಕೆ ಸಿಕ್ಕಿವೆ. ಒಂದು ಕಾಲದಲ್ಲಿ ಆ ಗುಂಡಿಗೆ ಕಸ ಸುರಿಯಬೇಕೆಂದು ಹೊರಟಿದ್ದರು. ಜನ ಜಗಳವಾಡಿ ತಡೆದರು. 1995ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ನಾನು ಆ ಕುದುರೆಗಳನ್ನು ನೋಡಿ, ನೀರು ಕುಡಿದು, ವಾಪಸು ಬಂದು, ತಯಾರಾದೆ ಎಂದುಕೊಂಡೆ.

ಏಪ್ರಿಲ್ ಕೊನೆಯ ಭಾನುವಾರಕ್ಕೆ ಕಚೇರಿಯ ಸೈಕಲ್ ಗುಂಪಿನಿಂದ ಕರೆ ಬಂತು. ನಮ್ಮ ಗುಂಪಿನ ಮುಂದಾಳು ನಿವೃತ್ತಿಯ ಅಂಚಿನಲ್ಲಿರುವ ಸಹೋದ್ಯೋಗಿ. ನಾನು ಮನಸ್ಸಿನಲ್ಲೇ ನಕ್ಷೆಯಮ್ಮ ಎಂದು ಕರೆಯುತ್ತೇನೆ, ಏಕೆಂದರೆ ಆಕೆಗೆ ಓಡನ್‌ವಾಲ್ಡ್ ಬೆಟ್ಟಸೀಮೆಯ ಒಂದೊಂದು ತಿರುವೂ ಬಾಯಿಪಾಠ. ದಾರಿಯ ವಿವರ ಕಳಿಸಿದ್ದರು: 68 ಕಿಲೋಮೀಟರ್. ಕೊನೆಯಲ್ಲಿ ಎರಡು ಪದ, 'ಲೈಷ್ಟ್ ಹ್ಯೂಗೆಲಿಶ್'. ತುಸು ಏರುತಗ್ಗು ಎಂದು ಅರ್ಥ.

ಈ 'ತುಸು' ಎಂಬುದನ್ನು ನಾನು ಅನುಮಾನಿಸಬೇಕಿತ್ತು. ನಮ್ಮ ಕಡೆ ದಾರಿ ಕೇಳಿದರೆ "ಇಲ್ಲೇ ಐತ್ರಿ, ಒಂದು ಬೀಡಿ ಸೇದೂದ್ರಾಗ ಹೋಗ್ತೀರಿ" ಅನ್ನುತ್ತಾರೆ. ಕಟ್ಟು ಬೀಡಿ ಮುಗಿದರೂ ಊರು ಬಂದಿರುವುದಿಲ್ಲ. ಹೇಳಿದವನು ಸುಳ್ಳುಗಾರನಲ್ಲ. ನಿತ್ಯ ನಡೆಯುವವನು, ಆ ದೂರ ಅವನ ಕಾಲಿನಲ್ಲಿ ಸವೆದುಹೋಗಿದೆ. ಗುಂಪಿನಲ್ಲಿದ್ದ ಇಂಗ್ಲಿಷಿನವನು ಇನ್ನಷ್ಟು ಧೈರ್ಯ ತುಂಬಿದ. ಈ ಬೆಟ್ಟಗಳು ನಮ್ಮ ಸಸೆಕ್ಸಿನ ಡೌನ್ಸ್ ಇದ್ದ ಹಾಗೆ, ಹುಲ್ಲು, ಕುರಿ, ಬಳುಕುವ ದಾರಿ, ಅಷ್ಟೇ ಎಂದ. ಡೌನ್ ಅಂದರೆ ಇಳಿಜಾರು ತಾನೆ ಎಂದು ನಾನು ನಂಬಿದೆ. ಆಮೇಲೆ ತಿಳಿಯಿತು, ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ಗುಡ್ಡ ಎಂದೇ ಅರ್ಥವಂತೆ. ಹತ್ತುವ ಜಾಗಕ್ಕೆ ಡೌನ್ ಎಂದು ಹೆಸರಿಟ್ಟು, ಆ ಧೈರ್ಯದ ಮೇಲೆಯೇ ಅರ್ಧ ಜಗತ್ತು ಆಳಿದ ಜನ!

ಓಬರ್‌ರಾಮ್‌ಸ್ಟಾಟ್‌ವರೆಗೆ ಮಾತಾಡುತ್ತಾ ಹೋದೆವು. 1742ರಲ್ಲಿ ಲಿಷ್ಟೆನ್‌ಬೆರ್ಗ್ ಹುಟ್ಟಿದ ಊರು ಅದು. ಭೌತವಿಜ್ಞಾನಿ, ಆದರೆ ಈಗ ಜನ ಓದುವುದು ಅವನು ಟಿಪ್ಪಣಿ ಪುಸ್ತಕಗಳಲ್ಲಿ ಗೀಚಿಟ್ಟ ಒಂದೆರಡು ಸಾಲಿನ ಚುರುಕು ಮಾತುಗಳನ್ನು. ಎರಡು ಸಲ ಇಂಗ್ಲೆಂಡಿಗೆ ಹೋಗಿ ಬಂದವನು ಎಂದು ನಕ್ಷೆಯಮ್ಮ ಹೇಳಿದಾಗ ಇಂಗ್ಲಿಷಿನವನಿಗೆ ಖುಷಿಯಾಯಿತು. ಊರು ದಾಟಿದ ಮೇಲೆ ಏರು ಶುರುವಾಗಿ ನನಗೂ ಒಂದೊಂದೇ ಸಾಲಿನ ವಿಚಾರಗಳು ಹೊಳೆಯತೊಡಗಿದವು. ಅಚ್ಚು ಮಾಡುವಂಥವಲ್ಲ.

ನೋಟಕ್ಕೆ ಮಾತ್ರ ಏನೂ ಕೊರತೆಯಿಲ್ಲ. ಹೂಬಿಟ್ಟ ಸೇಬಿನ ಮರಗಳು, ಎಣ್ಣೆ ಸಾಸಿವೆಯ ಹಳದಿ ಹೊಲ, ಮರದ ತೊಲೆಗಳು ಗೋಡೆಯ ಹೊರಗೇ ಕಾಣುವ ಮನೆಗಳು, ಸೋಮಾರಿ ಹಸುಗಳು. ಕಾರಿನಲ್ಲಿ ಹೋದರೆ ಈ ಗುಡ್ಡಗಳು ನಿಜಕ್ಕೂ ಮೃದು. ತೊಟ್ಟಿಲು ತೂಗಿದ ಹಾಗೆ ಅನ್ನಿಸುತ್ತದೆ. ಸೈಕಲ್ಲಿನ ಮೇಲೆ ತೊಟ್ಟಿಲು ತೂಗುವವರು ನಾವೇ.

ನಮ್ಮ ಘಾಟಿಗಳದು ಪ್ರಾಮಾಣಿಕ ವ್ಯವಹಾರ. ಆಗುಂಬೆ ಹತ್ತಿದರೆ ಹತ್ತಿದಂತೆ, ಮೇಲೆ ಹೋಗಿ ಚಹ ಕುಡಿಯಬಹುದು. ಇಲ್ಲಿ ಬೆವರು ಸುರಿಸಿ ಗಳಿಸಿದ ಎತ್ತರವನ್ನು ಮುಂದಿನ ಹಳ್ಳಿಯಲ್ಲಿ ಕಸಿದುಕೊಳ್ಳುತ್ತಾರೆ. ಮತ್ತೆ ಗಳಿಸು, ಮತ್ತೆ ಕಳೆದುಕೋ. ಚಕ್ರಬಡ್ಡಿ ಎಂಬ ಪದದ ಅರ್ಥ ನನಗೆ ಬ್ಯಾಂಕಿನಲ್ಲಿ ಆಗಿರಲಿಲ್ಲ, ಅಲ್ಲಿ ಆಯಿತು. ಕಾರಣ ಊರಿನ ಹೆಸರುಗಳಲ್ಲೇ ಇದೆ. ಫಿಶ್‌ಬಾಖ್‌ಟಾಲ್, ಲೌಟರ್‌ಟಾಲ್, ರೈಷೆನ್‌ಬಾಖ್. ಬಾಖ್ ಅಂದರೆ ಹಳ್ಳ, ಟಾಲ್ ಅಂದರೆ ಕಣಿವೆ. ನೀರಿದ್ದಲ್ಲಿ ಜನ, ಹಳ್ಳವಿದ್ದಲ್ಲಿ ಹಳ್ಳಿ. ನೀರಿಗಾಗಿ ಹಿರಿಯರು ಕೆಳಗೆ ಮನೆ ಕಟ್ಟಿದರು, ರಸ್ತೆ ಪ್ರತಿ ಊರಿಗೂ ಇಳಿದು ನಮಸ್ಕಾರ ಹೇಳಿ ಮತ್ತೆ ಮೇಲೇಳಬೇಕು. ಎರಡು ವರ್ಷ ತರಗತಿಗೆ ಹೋಗಿ ಕಲಿಯದಷ್ಟು ಜರ್ಮನ್ ಅರ್ಧ ದಿನದಲ್ಲಿ ಕಲಿತೆ. 'ಬಾಖ್' ಕಂಡರೆ ಇಳಿಜಾರು, ಅನುಮಾನಪಡು. 'ಹೋಹೆ' ಕಂಡರೆ ಎತ್ತರ, ಇಳಿದು ನೂಕು.

605 ಮೀಟರಿನ ನೊಯ್ನ್‌ಕಿರ್ಷರ್ ಹೋಹೆಯ ಕಡೆ ಏರುವಾಗ ಹಾಗೇ ಮಾಡಿದೆ. ಮೊದಲು ನಡೆದೆ. ಆಮೇಲೆ ಯಾರಾದರೂ ನೋಡುತ್ತಾರೆಂದು ಸೀಟಿನ ಮೇಲೆ ಕೂತು, ನೆಲವನ್ನು ಒದೆಯುತ್ತಾ ಸಾಗಿದೆ. ಡ್ರೈಸ್ ಮಹಾಶಯನ ಪದ್ಧತಿ ಇನ್ನೂ ಬಳಕೆಯಲ್ಲಿದೆ ಎಂದು ಮಾನ್‌ಹೈಮ್‌ನವರಿಗೆ ಯಾರಾದರೂ ತಿಳಿಸಬಹುದು. ಮೇಲೆ ನಕ್ಷೆಯಮ್ಮ ಬಾಳೆಹಣ್ಣು ಹಿಡಿದು ಕಾಯುತ್ತಿದ್ದರು. ಉಸಿರೂ ಏರಿರಲಿಲ್ಲ. "ಸೂಪರ್!" ಎಂದರು. ಆಮೇಲೆ ಮೆಲ್ಲಗೆ, ನಿಮ್ಮ ಊರಿನ ಕಡೆ ತರಬೇತಿ ಹೇಗಿರುತ್ತದೆ ಎಂದು ಕೇಳಿದರು. ಗಿರಣಿ ಎಂಬುದಕ್ಕೆ ಜರ್ಮನ್ ಪದ ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ.

ರೈಷೆನ್‌ಬಾಖ್‌ನ ಪಕ್ಕದಲ್ಲಿ ಫೆಲ್ಸೆನ್‌ಮೇರ್ ಇದೆ, ಗುಡ್ಡದ ಮೈಮೇಲೆ ಹರಿದು ನಿಂತ ಬಂಡೆಗಳ ಸಮುದ್ರ. ಇಬ್ಬರು ದೈತ್ಯರು ಎದುರುಬದುರು ಗುಡ್ಡದಲ್ಲಿ ನಿಂತು ಕಲ್ಲೆಸೆದಾಡಿದರಂತೆ, ಸೋತವನು ಬಂಡೆಗಳ ಕೆಳಗೆ ಹೂತುಹೋಗಿ ಈಗಲೂ ಒಮ್ಮೊಮ್ಮೆ ನರಳುತ್ತಾನಂತೆ. ಆ ಭಾನುವಾರ ಮಧ್ಯಾಹ್ನ ಯಾರಿಗಾದರೂ ನರಳಾಟ ಕೇಳಿಸಿದ್ದರೆ, ಅದು ಅವನದಲ್ಲ.

ಊಟಕ್ಕೆ ಹಾಂಡ್‌ಕೇಸೆ ಮಿಟ್ ಮೂಸಿಕ್, ಅಂದರೆ ಸಂಗೀತ ಸಮೇತ ಚೀಸ್. ಹುಳಿ ಚೀಸಿನ ಮೇಲೆ ವಿನೆಗರ್, ಎಣ್ಣೆ, ಬೊಗಸೆ ತುಂಬ ಹಸಿ ಈರುಳ್ಳಿ. ಸಂಗೀತ ಎಲ್ಲಿ ಎಂದು ಕೇಳಿದರೆ, ಆಮೇಲೆ ಬರುತ್ತದೆ ಅನ್ನುವುದು ಈ ಸೀಮೆಯ ಹಳೆಯ ನಗೆಮಾತು. ಜೋಳದ ರೊಟ್ಟಿಯ ಜೊತೆ ಗುದ್ದಿದ ಉಳ್ಳಾಗಡ್ಡಿ ತಿಂದು ಬೆಳೆದವನಿಗೆ ಆ ಬೊಗಸೆ ಎಷ್ಟು? ಪಕ್ಕದವರು ಅಂಚಿಗೆ ಸರಿಸಿದ್ದನ್ನೂ ತಿಂದೆ.

ಬೆನ್ಸ್‌ಹೈಮ್‌ಗೆ ಇಳಿದಾಗ ರೈಲು ನಿಲ್ದಾಣ ಕಂಡಿತು. ಭಾನುವಾರ ಸೈಕಲ್ಲಿಗೆ ಟಿಕೆಟ್ಟೂ ಬೇಕಿಲ್ಲ. ಎಲ್ಲರಿಗಿಂತ ಹಿಂದೆ ಉಳಿದು ಮೆಲ್ಲಗೆ ಅತ್ತ ಹ್ಯಾಂಡಲ್ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಇಂಗ್ಲಿಷಿನವನು ಕೈಬೀಸಿ ತೋರಿಸಿದ: ತರಕಾರಿ ಅಂಗಡಿ. ಬರುವಾಗ ಸ್ಪಾರ್ಗೆಲ್ ತರ್ರಿ ಎಂದು ಹೆಂಡತಿ ಹೇಳಿದ್ದು ನೆನಪಾಯಿತು. ಏಪ್ರಿಲಿನಿಂದ ಜೂನ್ 24ರವರೆಗೆ ಈ ಬಿಳಿ ಕಾಂಡದ ತರಕಾರಿಗೆ ಜರ್ಮನರು ತೋರುವ ಭಕ್ತಿ, ನಾವು ಆಪೂಸ್ ಮಾವಿಗೆ ತೋರುವುದಕ್ಕಿಂತ ಕಡಿಮೆಯಲ್ಲ. ಅರ್ಧ ಕಿಲೋ ಕೊಂಡೆ. ಇಡುವುದೆಲ್ಲಿ? ಸೈಕಲ್ ಅಂಗಿಯ ಬೆನ್ನಿನ ಜೇಬುಗಳಿಗೆ ಸಿಕ್ಕಿಸಿದೆ. ತುದಿಗಳು ಭುಜದ ಕಡೆ ಎದ್ದು ನಿಂತು, ಬತ್ತಳಿಕೆ ಹೊತ್ತ ಅರ್ಜುನನಂತೆ ಕಾಣುತ್ತಿದ್ದೆನೆಂದು ನನ್ನ ಭಾವನೆ.

ಅಲ್ಲಿಂದ ಮನೆಯವರೆಗೆ ಬೆರ್ಗ್‌ಸ್ಟ್ರಾಸೆ, ಗುಡ್ಡದ ಬುಡಕ್ಕೆ ಅಂಟಿಕೊಂಡು ರೋಮನ್ನರ ಕಾಲದಿಂದ ಇರುವ ದಾರಿ. ಬಲಕ್ಕೆ ದ್ರಾಕ್ಷಿ ತೋಟ, ಎಡಕ್ಕೆ ರೈನ್ ನದಿಯ ಬಯಲು. ಜರ್ಮನಿಯಲ್ಲಿ ವಸಂತ ಮೊದಲು ಕಾಲಿಡುವ ಜಾಗಗಳಲ್ಲಿ ಇದೊಂದು, ಬಾದಾಮಿ ಗಿಡಗಳೂ ಇಲ್ಲಿ ಹೂಬಿಡುತ್ತವೆ. ಇನ್ನು 20 ಕಿಲೋಮೀಟರ್, ಎಲ್ಲ ಸಲೀಸು ಎಂದುಕೊಂಡಾಗ ಉತ್ತರದಿಂದ ಗಾಳಿ ಎದ್ದಿತು. ಎದುರುಗಾಳಿ. ಮುಂದಿದ್ದವರ ವೇಗ ಇಳಿಯಿತು. ನಕ್ಷೆಯಮ್ಮ ಕೂಡ ಎದ್ದು ನಿಂತು ತುಳಿಯತೊಡಗಿದರು.

ನನಗೆ ನಗು ಬಂತು. ಇದು ನನಗೆ ಗೊತ್ತಿರುವ ಗುಡ್ಡ! ನಮ್ಮ ಊರಿನ ಏರು ನೆಲದಲ್ಲಿಲ್ಲ, ಆಷಾಢದ ಗಾಳಿಯಲ್ಲಿದೆ. ಆಗ ಪಡುವಣ ಗಾಳಿ ಬಯಲಿನ ಮೇಲೆ ತಡೆಯೇ ಇಲ್ಲದೆ ಬೀಸುತ್ತದೆ. ಗಿರಣಿಯೂ ಪಡುವಣಕ್ಕೇ ಇತ್ತು. ಚೀಲ ಹೊತ್ತ ಸೈಕಲ್ಲಿನಲ್ಲಿ ಎದ್ದು ನಿಂತು ತುಳಿಯುವಂತಿಲ್ಲ, ಚೀಲ ಉರುಳುತ್ತದೆ. ಗದ್ದ ಹ್ಯಾಂಡಲ್ಲಿಗೆ ತಾಗಿಸು, ಮೊಣಕೈ ಪಕ್ಕೆಗೆ ಒತ್ತು, ಗಾಳಿಯ ಜೊತೆ ವಾದ ಮಾಡಬೇಡ, ಒಂದೇ ಹದದಲ್ಲಿ ತುಳಿ. ಹಾಗೇ ತುಳಿದೆ. ಒಬ್ಬೊಬ್ಬರನ್ನೇ ದಾಟಿದೆ. ತ್ಸ್ವಿಂಗನ್‌ಬೆರ್ಗ್ ಬರುವ ಹೊತ್ತಿಗೆ ಐದೂ ಜನ ನನ್ನ ಬೆನ್ನಿನ ಮರೆಯಲ್ಲಿ ಗೆರೆ ಎಳೆದಂತೆ ಸಾಲಾಗಿ ಬರುತ್ತಿದ್ದರು. ಹತ್ತು ಕಿಲೋಮೀಟರ್ ನಾನು ವಿಜಯಪುರ ಜಿಲ್ಲೆಯ ಮರ್ಯಾದೆ ಕಾಪಾಡಿದೆ. ನಡುವೆ ಒಮ್ಮೆ ತಿರುಗಿ ನೋಡಿದರೆ, ಚಕ್ರಕ್ಕೆ ಚಕ್ರ ತಾಗುವಂತೆ ಬರುತ್ತಿದ್ದ ಇಂಗ್ಲಿಷಿನವನು ನಾಲ್ಕು ಮಾರು ಹಿಂದೆ ಸರಿದಿದ್ದ. ಸಂಗೀತ ಶುರುವಾಗಿತ್ತು.

ಎಬರ್‌ಸ್ಟಾಟ್ ಹತ್ತಿರ ಬಲಗಡೆ ಗುಡ್ಡದ ಮೇಲೆ ಫ್ರಾಂಕನ್‌ಸ್ಟೈನ್ ಕೋಟೆ. ಮೇರಿ ಶೆಲ್ಲಿ ತನ್ನ ಕಾದಂಬರಿಗೆ ಹೆಸರು ತೆಗೆದುಕೊಂಡದ್ದು ಇಲ್ಲಿಂದಲೇ ಎಂದು ಈ ಕಡೆಯವರಿಗೆ ಗಟ್ಟಿ ನಂಬಿಕೆ, ವಿದ್ವಾಂಸರಿಗೆ ಅನುಮಾನ. ನನಗೆ ಕುತೂಹಲ ಬೇರೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆಗೆ ಮನೆಯೊಳಗೆ ಸಿಕ್ಕಿಬಿದ್ದ ಶೆಲ್ಲಿ ಜಿನೀವಾ ಸರೋವರದ ದಂಡೆಯಲ್ಲಿ ಆ ಕಥೆ ಶುರುಮಾಡಿದಳು. ಅದೇ ವರ್ಷ ಬೆಳೆ ಕೆಟ್ಟು ಕುದುರೆಗಳಿಗೆ ಮೇವಿಲ್ಲದಂತಾಗಿದ್ದೇ ಡ್ರೈಸ್‌ಗೆ ಕುದುರೆಯಿಲ್ಲದ ಗಾಡಿಯ ಯೋಚನೆ ತಂದಿತು ಎಂದು ಕೆಲವರ ಊಹೆ. ಊಹೆ ನಿಜವಾದರೆ ರಾಕ್ಷಸನೂ ಸೈಕಲ್ಲೂ ಅಣ್ಣತಮ್ಮಂದಿರು. ತೊಡೆ ನೋಯುತ್ತಿದ್ದ ನನಗೆ ನಂಬಲು ಕಷ್ಟವಾಗಲಿಲ್ಲ.

ಊರು ಹತ್ತಿರವಾದಾಗ ದೂರದಲ್ಲಿ ಮದುವೆ ಗೋಪುರ ಕಂಡಿತು. ಇಲ್ಲಿಯ ದೊರೆಯ ಮದುವೆಯ ನೆನಪಿಗೆ 1908ರಲ್ಲಿ ಕಟ್ಟಿದ್ದು, ತುದಿಯಲ್ಲಿ ಐದು ಬೆರಳು ಎತ್ತಿದ ಅಂಗೈಯ ಆಕಾರ. ಅಭಯಹಸ್ತವೇ ಸರಿ ಎಂದು ಭಾವುಕನಾಗಿ ನೋಡುತ್ತಿರುವಾಗ ಕೆಂಪು ದೀಪ ಬಿತ್ತು. ನಿಂತೆ. ಬೂಟು ಪೆಡಲು ಬಿಡಲಿಲ್ಲ. ಹಿಮ್ಮಡಿ ಹೊರಕ್ಕೆ ತಿರುವಬೇಕೆಂಬುದು ನೆನಪಾಗುವಷ್ಟರಲ್ಲಿ, ಕಡಿದ ಬಾಳೆಯ ಗಿಡದಂತೆ ಪಕ್ಕಕ್ಕೆ ಒರಗಿದೆ. ಮೊದಲು ರಸ್ತೆ ಬದಿಯ ಕಂಬಿಗೆ ತಾಗಿ, ಅಲ್ಲಿಂದ ಪುಟಿದು ನೆಲಕ್ಕೆ. ರೊಸೆಟ್ಟಾ ನೌಕೆಯನ್ನು ನಡೆಸಿದ ಕೇಂದ್ರ ಇದೇ ಊರಿನಲ್ಲಿದೆ. 50 ಕೋಟಿ ಕಿಲೋಮೀಟರಿಗೂ ಆಚೆ, 2014ರಲ್ಲಿ ಅದು ಧೂಮಕೇತುವಿನ ಮೇಲೆ ಬಿಟ್ಟ ಫಿಲೇ ಯಂತ್ರವೂ ಎರಡು ಸಲ ಪುಟಿದೇ ನೆಲೆ ಕಂಡಿತ್ತು. ನನ್ನನ್ನು ಎತ್ತಿ ನಿಲ್ಲಿಸುತ್ತಾ ನಕ್ಷೆಯಮ್ಮ ಇದನ್ನೇ ಹೇಳಿ ಸಮಾಧಾನ ಮಾಡಿದರು.

ರಾತ್ರಿ ಅವ್ವ ಫೋನ್ ಮಾಡಿದಳು.

"ಎಷ್ಟು ದೂರ ಹೋಗಿದ್ದಿ?"

"ಅರವತ್ತೆಂಟು ಕಿಲೋಮೀಟರ್."

"ಅಷ್ಟು ದೂರ ಹೋಗಿ ಏನು ತಂದಿ?"

ಜಜ್ಜಿ ಚಟ್ನಿಯಾಗಿದ್ದ ಅರ್ಧ ಕಿಲೋ ಸ್ಪಾರ್ಗೆಲ್ಲನ್ನು ಫೋನಿನ ಮುಂದೆ ಹಿಡಿದೆ.

"ಅದಕ್ಕ ನಾ ಕ್ಯಾರಿಯರ್ ಅಂದಿದ್ದು" ಎಂದಳು.