ಬಾಲಲೀಲೆ

ನಮ್ಮ ಬಚ್ಚಲುಮನೆಯಲ್ಲಿ ಈಗ ಎರಡು ಬಕೆಟ್ಟು, ಒಂದು ಚೊಂಬು, ಒಂದು ಬಾಲ ಇವೆ. ಬಾಲದ ತೂಕ 14 ಕಿಲೋ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ, ಮೊಳೆ ಗಾರೆ ಸಮೇತ ಕಿತ್ತುಕೊಂಡು ಬಂತು. ಈಗ ಹಳೇ ಸೀರೆಯಲ್ಲಿ ಜೋಲಿ ಕಟ್ಟಿ ಮಲಗಿಸಿದ್ದೇನೆ. ಮನೆಗೆಲಸಕ್ಕೆ ಬರುವಾಕೆ ಮೊದಲ ದಿನ ಅದನ್ನು ನೋಡಿ ಪೊರಕೆ ಅಲ್ಲೇ ಬಿಟ್ಟು ಆಚೆ ಬಂದಳು. “ಅಕ್ಕಾ, ಅದು ಮಲಗೈತಾ, ಸತ್ತೈತಾ?” ಅಂದಳು. “ಅದು ಸಿಲಿಕೋನ್ ಕಣೇ” ಅಂದೆ. ಸಿಲಿಕೋನ್ ಅಂತ ಒಂದು ಜಾತಿ ಮೀನಿದೆ ಎಂದು ಈಗ ನಮ್ಮ ಬೀದಿಗೆಲ್ಲ ಗೊತ್ತು.

ಸೊಂಟನೋವಿಗೆ ಡಾಕ್ಟರು ಈಜಿ ಅಂದರು. 47ನೇ ವಯಸ್ಸಿನಲ್ಲಿ ಈಜು ಕಲಿತೆ. ಒಂದು ರಾತ್ರಿ ಫೋನಿನಲ್ಲಿ ಯಾರೋ ಮತ್ಸ್ಯಕನ್ಯೆ ಬಾಲ ಬೀಸುತ್ತ ನೀಲಿ ನೀರಿನಲ್ಲಿ ಹೋಗುವುದನ್ನು ನೋಡಿದೆ. ಅಷ್ಟೇ. ಇದಕ್ಕಿಂತ ಗಟ್ಟಿ ಕಾರಣ ಇದ್ದಿದ್ದರೆ ನಮ್ಮನೆಯವರಿಗೆ ಎಂದೋ ಹೇಳಿರುತ್ತಿದ್ದೆ.

ಬಟ್ಟೆಯ ಬಾಲ ಅಗ್ಗಕ್ಕೆ ಸಿಗುತ್ತದೆ. ಆದರೆ ಅದನ್ನು ತೊಟ್ಟವರು ಲೆಗ್ಗಿಂಗ್ಸಿನ ಒಂದೇ ಕಾಲಿಗೆ ಎರಡೂ ಕಾಲು ತೂರಿಸಿಕೊಂಡವರ ಹಾಗೆ ಕಾಣುತ್ತಾರೆ. ಸಿಲಿಕೋನಿನ ಬಾಲದ ಗತ್ತೇ ಬೇರೆ. ಹೊರದೇಶದಲ್ಲಿ ಅಳತೆ ಕೊಟ್ಟು ಮಾಡಿಸಿದರೆ ಸಾವಿರಾರು ಡಾಲರ್. ಮನೆಯಲ್ಲೇ ಮಾಡುವ ವಿಧಾನ ಓದಿದೆ. ಅಚ್ಚು ಮಾಡಬೇಕು, ಎರಕ ಹೊಯ್ಯಬೇಕು, ಕಾಯಬೇಕು, ಬಿಡಿಸಬೇಕು. ಓದುತ್ತ ಓದುತ್ತ ನಗು ಬಂತು. ವರ್ಷಾ ವರ್ಷಾ ಸಂಕ್ರಾಂತಿಗೆ ಮರದ ಅಚ್ಚು ನೆನೆಹಾಕಿ, ಹದ ನೋಡಿ ಪಾಕ ಹೊಯ್ದು, ಗಿಳಿಯ ಕೊಕ್ಕು ಮುರಿಯದಂತೆ ಸಕ್ಕರೆ ಅಚ್ಚು ಬಿಡಿಸುವವಳಿಗೆ ಇದೇನು ಮಹಾ? ಗಿಳಿಯ ಬದಲು ನಾನು, ಅಷ್ಟೇ ತಾನೆ.

ಮೊದಲು ನನ್ನ ಕಾಲಿನ ಪಡಿಯಚ್ಚು ಆಗಬೇಕು. ಸೊಂಟದಿಂದ ಪಾದದವರೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಅಂಟುಟೇಪು ಬಿಗಿದು, ಆಮೇಲೆ ಕತ್ತರಿಯಲ್ಲಿ ಸೀಳಿ ತೆಗೆದು ಒಳಗೆ ಹಳೇ ಬಟ್ಟೆ ತುಂಬುವುದು. ನಮ್ಮನೆಯವರು ಟ್ರಾನ್ಸ್‌ಫರ್ ಆದಾಗೆಲ್ಲ ಟಿವಿ ಪ್ಯಾಕ್ ಮಾಡಿದವರು, ಅದೇ ಶ್ರದ್ಧೆಯಿಂದ ಸುತ್ತಿದರು. ಮೇಲೆ ‘ಈ ಕಡೆ ಮೇಲ್ಭಾಗ’ ಅಂತ ಬರೆಯುವುದೊಂದು ಬಾಕಿ. ಆಮೇಲೆ ಹಳೇ ಮಂಚದ ಹಲಗೆಯ ಮೇಲೆ ಗಣೇಶ ಮಾಡುವ ಜೇಡಿಮಣ್ಣು ಹರಡಿ, ಪಾಯಸದ ಚಮಚದಿಂದ ಒಂದೊಂದೇ ಹುರುಪೆ ಒತ್ತಿದೆ. ಒಟ್ಟು 640. ಒಂಬತ್ತು ರಾತ್ರಿ ಹಿಡಿಯಿತು. ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೊಯ್ದು ಅಚ್ಚು ತೆಗೆದಾಗ, ನಿಜ ಹೇಳುತ್ತೇನೆ, ಮಗಳ ರ‍್ಯಾಂಕ್ ಬಂದಾಗಲೂ ನನಗೆ ಅಷ್ಟು ಹೆಮ್ಮೆ ಆಗಿರಲಿಲ್ಲ.

ಸಿಲಿಕೋನು ಎರಡು ಡಬ್ಬಿಯಲ್ಲಿ ಬರುತ್ತದೆ, ಎ ಮತ್ತು ಬಿ. ತೂಕದಲ್ಲಿ ಸಮಸಮ ಬೆರೆಸಬೇಕು. ಬೆರೆಸಿದ 20 ನಿಮಿಷದೊಳಗೆ ಹೊಯ್ದು ಮುಗಿಸಿದರೆ 5 ಗಂಟೆಯಲ್ಲಿ ಗಟ್ಟಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಹೊಯ್ದೆ. 5 ಗಂಟೆ ಕಾದೆ. ಬೆಳಗಿನವರೆಗೂ ಕಾದೆ. ಹದ ತಪ್ಪಿದ ಹಾಲುಬಾಯಿಯ ಹಾಗೆ ಬೆರಳಿಗೆ ಅಂಟುತ್ತ ಹಾಗೇ ಕೂತಿತ್ತು. ಮೂರು ದಿನವಾದರೂ ಹಾಗೇ. ಕೊನೆಗೆ ಗೊತ್ತಾಯಿತು, ತಪ್ಪು ನನ್ನ ಕೈಯದ್ದು. ಕೈಯದ್ದೂ ಅಲ್ಲ, ಕೈಗವಸಿನದ್ದು. ಈ ಬಗೆಯ ಸಿಲಿಕೋನು ಗಟ್ಟಿಯಾಗುವುದು ಪ್ಲಾಟಿನಂ ಇರುವ ವೇಗವರ್ಧಕದಿಂದ. ಗಂಧಕ ಸೋಕಿದರೆ ಆ ಪ್ಲಾಟಿನಂ ಕೆಲಸ ಬಿಟ್ಟು ಕೂತುಬಿಡುತ್ತದೆ. ಪಾತ್ರೆ ತೊಳೆಯುವ ರಬ್ಬರ್ ಗವಸಿನಲ್ಲಿ ಗಂಧಕ ಇರುತ್ತದೆ. ಮಡಿಯವರನ್ನು ಮುಟ್ಟಿದ ಹಾಗಾಯಿತು, ಮತ್ತೆ ಸ್ನಾನ ಮಾಡಿಸಿದರೂ ಪ್ರಯೋಜನವಿಲ್ಲ. 3 ಕಿಲೋ ಕಸದ ಗಾಡಿಗೆ ಹೋಯಿತು.

ಒಟ್ಟು ಖರ್ಚೆಷ್ಟು ಅಂತ ಕೇಳುತ್ತೀರಿ. ನಮ್ಮನೆಯವರಿಗೆ ನಿಜದಲ್ಲಿ ಅರ್ಧ ಹೇಳಿದ್ದೇನೆ. ಅವರೂ ಇದನ್ನು ಓದುತ್ತಾರಾದ್ದರಿಂದ ಇಲ್ಲೂ ಅದನ್ನೇ ಹೇಳುತ್ತೇನೆ: 19,000 ರೂಪಾಯಿ.

ಡಿಸೆಂಬರ್ ಕೊನೆಗೆ ಬಾಲ ಸಿದ್ಧವಾಯಿತು. ತುದಿಯ ರೆಕ್ಕೆಯೊಳಗೆ ಎರಡೂ ಪಾದ ಒಟ್ಟಿಗೆ ತೂರಿಸುವ ಮಾನೋಫಿನ್, ಮೈಗೆ ನವಿಲುಹಸಿರು, ಅಂಚಿಗೆ ತಾಮ್ರದ ಬಣ್ಣ. ನನ್ನ ಮದುವೆ ಸೀರೆಯದೇ ಕಾಂಬಿನೇಶನ್. ಒಂದು ಭಾನುವಾರ ಬೆಳಿಗ್ಗೆ ಹಾಲಿನಲ್ಲಿ ಚಾಪೆ ಹಾಸಿ ತೊಟ್ಟು ನೋಡುವುದೆಂದಾಯಿತು. ಸಿಲಿಕೋನು ಒಣಮೈಗೆ ಜಿಗಣೆಯಂತೆ ಕಚ್ಚಿಕೊಳ್ಳುತ್ತದೆ. ಕಾಲಿಗೆ ತಲೆಗೂದಲ ಕಂಡೀಷನರ್ ಬಳಿದುಕೊಂಡು ಜಾರಿಸಬೇಕು. ನಾನು ಜಾರಿದೆ, ಅವರು ಎಳೆದರು. ಇಡೀ ಬಾಟಲಿ ಖಾಲಿಯಾಗುವ ಹೊತ್ತಿಗೆ ನಾನು ಸೊಂಟದವರೆಗೆ ಮೀನು. ಸೋಫಾಕ್ಕೆ ಒರಗಿ ಕೂತರೆ ರೆಕ್ಕೆ ಟಿವಿ ಸ್ಟ್ಯಾಂಡಿನ ಕೆಳಗೆ ಹೋಗಿತ್ತು. ಫೋಟೋ ತೆಗೆದದ್ದಾಯಿತು. ಇನ್ನು ಬಿಚ್ಚಬೇಕು. ಬಿಚ್ಚುವುದಕ್ಕೂ ಕಂಡೀಷನರ್ ಬೇಕು ಎನ್ನುವುದು ಇಬ್ಬರಿಗೂ ಹೊಳೆದಿರಲಿಲ್ಲ. “ಐದೇ ನಿಮಿಷ, ತಂದುಬಿಡ್ತೀನಿ” ಅಂತ ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಂಗಡಿ ನಮ್ಮ ಗೇಟಿನಿಂದ ಐವತ್ತು ಹೆಜ್ಜೆ. ಆದರೆ ಐವತ್ತು ಹೆಜ್ಜೆಯೊಳಗೆ ಒಬ್ಬ ಹಳೇ ಸಹೋದ್ಯೋಗಿ ಸಿಗದಿದ್ದರೆ ಅವರು ನಮ್ಮನೆಯವರೇ ಅಲ್ಲ. ಸಿಕ್ಕಿದ. ಸೈಟಿನ ರೇಟಿನ ಮಾತು ಶುರುವಾಯಿತು. ಹೆಂಡತಿ ಮೀನಾಗಿ ನೆಲದ ಮೇಲೆ ಬಿದ್ದಿದ್ದಾಳೆ ಅಂತ ಮಧ್ಯೆ ಹೇಳಿ ಎದ್ದುಬರುವುದು ಸಭ್ಯತೆಯಲ್ಲವಂತೆ.

ಇತ್ತ ಅತ್ತೆ ಸಂಧ್ಯಾವಂದನೆಯಷ್ಟು ನಿಯಮವಾಗಿ ಹತ್ತು ಗಂಟೆಗೆ ಕಾಫಿಗೆ ರೂಮಿನಿಂದ ಹೊರಬಂದರು. ನಿಂತರು. ಕನ್ನಡಕ ಸರಿಮಾಡಿಕೊಂಡರು.

“ಇದೇನೇ ನಿನ್ನ ಅವತಾರ!”

ಇಪ್ಪತ್ತೆರಡು ವರ್ಷದಲ್ಲಿ ಈ ಮಾತನ್ನು ನೂರಾರು ಸಲ ಕೇಳಿದ್ದೇನೆ. ಕೂದಲು ಕತ್ತರಿಸಿದಾಗ, ಜೀನ್ಸ್ ಹಾಕಿದಾಗ, ನೈಟಿಯಲ್ಲಿ ಪೇಪರ್ ತರಲು ಹೋದಾಗ. ಶಾಸ್ತ್ರಪ್ರಕಾರ ಸರಿಯಾಗಿ ಒಪ್ಪಿದ್ದು ಇದೇ ಮೊದಲು. ದಶಾವತಾರದಲ್ಲಿ ಒಂದನೆಯದು.

“ಎದ್ದೇಳಕ್ಕೆ ಆಗಲ್ವಾ?”

“ಇಲ್ಲ ಅತ್ತೆ. ಅವರು ಬರ್ಬೇಕು.”

“ಕೈ ಆಡುತ್ತಲ್ಲ?”

ಆಡುತ್ತೆ ಅಂದದ್ದೇ ನನ್ನ ತಪ್ಪು. ಅವರು ಅಡುಗೆಮನೆಗೆ ಹೋಗಿ, ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಪಾತ್ರೆ ತಂದು ನನ್ನ ಬಾಲದ ಮೇಲೆ, ಮಂಡಿ ಇರಬೇಕಾದ ಜಾಗದಲ್ಲಿ, ಇಟ್ಟರು. ಪಕ್ಕಕ್ಕೊಂದು ತಟ್ಟೆ. ಎದುರಿಗೆ ಮೋಡಾ ಎಳೆದುಕೊಂಡು ತಾವೂ ಕೂತರು. ಸೋನೆ ಅವರೆ, ಒಂದು ಕಿಲೋಗಿಂತ ಕಡಿಮೆ ಇರಲಿಲ್ಲ.

ಹಿತಕಿದ ಬೇಳೆ ಗೊತ್ತಿದ್ದವರಿಗೆ ನನ್ನ ಸಂಕಟ ವಿವರಿಸಬೇಕಾಗಿಲ್ಲ. ನೆನೆದ ಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಅದುಮಿದರೆ ಬೇಳೆ ಪುಳಕ್ಕನೆ ಸಿಪ್ಪೆ ಬಿಟ್ಟು ಹಾರುತ್ತದೆ. ಪುಳಕ್. ಪುಳಕ್. ಒಂದೊಂದು ಕಾಳೂ ಹಸಿರು ಅಂಗಿ ಕಳಚಿ ನನ್ನ ಕಣ್ಣೆದುರೇ ಸ್ವತಂತ್ರವಾಗುತ್ತಿತ್ತು. ನಾನು ಮಧ್ಯೆ ಮಧ್ಯೆ ಬಾಲದ ಅಂಚನ್ನು ಎರಡು ಬೆರಳು ಕೆಳಗೆ ಸುರುಳಿ ಸುತ್ತುತ್ತಿದ್ದೆ, ಅದು ಚಟ್ಟೆಂದು ವಾಪಸ್ಸು ಹೊಟ್ಟೆಗೆ ಬಡಿಯುತ್ತಿತ್ತು. ನೆನೆಹಾಕಿದ್ದು ಸಾಲದೇನೋ ಅನ್ನಿಸಿತು. ಅತ್ತೆ ಎರಡನ್ನೂ ನೋಡಿದರು, ತಟ್ಟೆಯನ್ನೂ ನನ್ನನ್ನೂ. “ನಿನ್ನ ಸಿಪ್ಪೆ ದಪ್ಪ” ಅಂದರು. ಒಂದು ಬೇಳೆ ಹಾರಿ ಹುರುಪೆಯ ಸಂದಿಯಲ್ಲಿ ಕೂತಿತು. ಅದನ್ನು ಹೆಕ್ಕುತ್ತ, ಒಂದೊಂದು ಹುರುಪೆಯನ್ನೂ ಬೆರಳಿನಿಂದ ಸವರಿ, “ಇಷ್ಟನ್ನೂ ಕೈಯಲ್ಲೇ ಒತ್ತಿದೆಯಾ?” ಅಂದರು. ಚಮಚದಲ್ಲಿ ಅಂದೆ. ಯಾವ ಚಮಚ ಅಂತ ಕೇಳಲಿಲ್ಲ, ದೇವರು ದೊಡ್ಡವನು.

ಸುಮ್ಮನೆ ಕೂರಲಾರದೆ ಮಾತು ತೆಗೆದೆ. ಆಸ್ಟ್ರೇಲಿಯಾದ ಈಜುಗಾರ್ತಿ ಆನೆಟ್ ಕೆಲ್ಲರ್‌ಮನ್ 1911ರಲ್ಲೇ ಬಾಲ ಕಟ್ಟಿಕೊಂಡು ಸಿನಿಮಾದಲ್ಲಿ ಈಜಿದ್ದಳು ಅಂದೆ. ಅಮೆರಿಕದ ಫ್ಲಾರಿಡಾದಲ್ಲಿ ವೀಕಿ ವಾಚಿ ಅಂತ ಒಂದು ತಿಳಿನೀರಿನ ಬುಗ್ಗೆ ಇದೆ, 1947ರಿಂದ ಅಲ್ಲಿ ಮತ್ಸ್ಯಕನ್ಯೆಯರ ಆಟ ನಡೆಯುತ್ತದೆ, ನೀರೊಳಗೇ ರಬ್ಬರ್ ಕೊಳವೆಯಿಂದ ಉಸಿರು ತೊಗೊಳ್ತಾರೆ, ಹಿಂದೆ ಕೆಲಸ ಬಿಟ್ಟ ಹೆಂಗಸರು ಅರವತ್ತು ಎಪ್ಪತ್ತು ದಾಟಿದ ಮೇಲೂ ವಾಪಸ್ಸು ಬಂದು ಬಾಲ ತೊಟ್ಟಿದ್ದಾರೆ ಅಂದೆ. ಈ ಕೊನೆಯದನ್ನು ಸ್ವಲ್ಪ ಜೋರಾಗಿಯೇ ಹೇಳಿದೆ. “ಈ ವಯಸ್ಸಿಗೆ ಬೇಕಿತ್ತಾ” ಅನ್ನುವವರಿಗೆಂದು ಗಂಟು ಕಟ್ಟಿ ಇಟ್ಟುಕೊಂಡಿದ್ದ ಮಾತು ಅದು. ನಮ್ಮ ಓರಗಿತ್ತಿಗೆ, ಎದುರುಮನೆಯವರಿಗೆ, ಕಿಟ್ಟಿ ಪಾರ್ಟಿಯವರಿಗೆ. ಇದೇ ಜನ ತಮ್ಮ ಗಂಡಂದಿರು ಐವತ್ತೈದಕ್ಕೆ ಬುಲೆಟ್ ಕೊಂಡು ಲಡಾಖಿಗೆ ಹೊರಟರೆ ಆರತಿ ಎತ್ತಿ ಕಳಿಸುತ್ತಾರೆ.

ಅತ್ತೆ ಕಾಳಿನಿಂದ ಕಣ್ಣೆತ್ತಲಿಲ್ಲ.

“ನಾನು ಬಾಲ ಇಲ್ಲದೇನೇ ಈಜ್ತಿದ್ದೆ” ಅಂದರು.

ಇವರು ಈಜುತ್ತಿದ್ದರೆಂದು ಈ ಮನೆಯಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ.

“ಊರ ಕಲ್ಯಾಣೀಲಿ. ಮೊದಲು ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ಬಿಡೋರು. ಆಮೇಲೆ ಅದೂ ಬೇಡ. ಲಂಗದೊಳಗೆ ಗಾಳಿ ತುಂಬ್ಕೊಂಡು ಹಾರಿದ್ರೆ ಬುಗ್ಗೆ ಥರ ನಿಲ್ಲೋದು. ನಮ್ಮಣ್ಣ ಒಂದ್ಸಲ ಅಡ್ಡ ದಾಟೋದ್ರೊಳಗೆ ನಾನು ಹೋಗಿ ವಾಪಸ್ ಬಂದಿರ್ತಿದ್ದೆ.”

“ಮತ್ತೆ ಯಾಕೆ ಬಿಟ್ಟಿರಿ?”

“ದೊಡ್ಡೋಳಾದೆ.” ಪುಳಕ್. “ಯಾರೂ ಬೈಲಿಲ್ಲ, ಬೇಡ ಅಂತಾನೂ ಅನ್ಲಿಲ್ಲ. ಲಂಗ ಹೋಗಿ ಸೀರೆ ಬಂತು.”

ಆಮೇಲೆ ಸುಮಾರು ಹೊತ್ತು ಇಬ್ಬರೂ ಸುಮ್ಮನೆ ಕಾಳು ಹಿಚುಕಿದೆವು. ನಮ್ಮನೆಯವರು ಒಂದೂ ಕಾಲು ಗಂಟೆಯ ಮೇಲೆ ಬಂದರು. ತಂದಿದ್ದು ಶಾಂಪೂ.

ಬಿಡಿಸಿದ ಕಥೆ ಬಿಡಿ. ನೀರು ಹುಡುಕಿದ ಕಥೆ ಅದಕ್ಕಿಂತ ದೊಡ್ಡದು. ನಾನು ಈಜು ಕಲಿತ ಕೊಳದಲ್ಲಿ ‘ನೈಲಾನ್ ಉಡುಪು ಕಡ್ಡಾಯ’ ಅಂತ ಬೋರ್ಡಿದೆ. ಮ್ಯಾನೇಜರು ಬಾಲವನ್ನು ಎರಡು ಸಲ ಸುತ್ತುಹಾಕಿ, “ಮೇಡಂ, ಇದು ಕಾಸ್ಟ್ಯೂಮಾ, ಲಗೇಜಾ?” ಅಂದರು. ಕೆರೆಗೆ ಹೋಗೋಣವೆಂದರೆ ಈ ಊರಿನ ಕೆರೆಗಳ ಭಾಗ್ಯ ನಿಮಗೆ ಗೊತ್ತೇ ಇದೆ. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು, ಸಂಪಂಗಿ ಕೆರೆಯ ಮೇಲೆ ಕಂಠೀರವ ಸ್ಟೇಡಿಯಂ. ನೂರು ವರ್ಷ ಮೊದಲೇ ಬಾಲ ಮಾಡಿಸಿಕೊಳ್ಳಬೇಕಿತ್ತು.

ಕೊನೆಗೆ ಊರಾಚೆ ಒಂದು ಸಣ್ಣ ಖಾಸಗಿ ಕೊಳದವರು, ವಾರದ ದಿನ ಮಧ್ಯಾಹ್ನ ಯಾರೂ ಇರಲ್ಲ ಬನ್ನಿ ಅಂದರು. ಪಕ್ಕದಲ್ಲಿ ಲೈಫ್‌ಗಾರ್ಡ್ ನಿಂತಿರಬೇಕು ಅನ್ನುವುದೊಂದೇ ಷರತ್ತು. ಕಾರಿನಲ್ಲಿ ನಾವಿಬ್ಬರು, ಹಿಂದಿನ ಸೀಟಿನಲ್ಲಿ ಅತ್ತೆ, ಅವರ ತೊಡೆಯ ಮೇಲೆ ರೆಕ್ಕೆ. ಈ ಸಲ ಎರಡು ಬಾಟಲಿ ಕಂಡೀಷನರ್, ನಾನೇ ಕೊಂಡದ್ದು.

ನೆಲದ ಮೇಲೆ ಇಬ್ಬರು ಹೊರುವ ಬಾಲ ನೀರಿಗೆ ಬಿದ್ದದ್ದೇ ಇಲ್ಲದಂತಾಯಿತು. ಸಿಲಿಕೋನು ನೀರಿಗಿಂತ ಚೂರೇ ಭಾರ. 14 ಕಿಲೋದಲ್ಲಿ 13 ಕಿಲೋವನ್ನು ನೀರು ಹೊತ್ತುಕೊಳ್ಳುತ್ತದೆ. ಹೊತ್ತುಕೊಂಡಿತು, ಆದರೆ ಮುಂದೆ ಬಿಡಲಿಲ್ಲ. ನಾನು ಒದ್ದೆ, ಒದ್ದೆ, ನಿಂತಲ್ಲೇ ಮೊಸರು ಕಡೆದ ಹಾಗೆ ನೊರೆ ಎದ್ದಿತು. ಮೂಗಿಗೆ ನೀರು ನುಗ್ಗಿತು. ನಮ್ಮನೆಯವರು ವಿಡಿಯೋ ತೆಗೆಯುವುದನ್ನು ನಿಲ್ಲಿಸಿ ಆಕಾಶ ನೋಡಿದರು.

ಅತ್ತೆ ಕೊಳದಂಚಿನಲ್ಲಿ ಕೂತು, ಸೀರೆ ಮೀನಖಂಡದವರೆಗೆ ಎತ್ತಿ ಕಾಲು ಇಳಿಬಿಟ್ಟಿದ್ದರು.

“ಮಂಡಿ ಯಾಕೆ ಬಗ್ಗಿಸ್ತೀಯೇ? ಸೊಂಟದಿಂದ ಬರ್ಲಿ. ಎದೆ ಒತ್ತು, ಸೊಂಟ ತಾನಾಗೇ ಏಳುತ್ತೆ.”

ಎದೆ ಒತ್ತಿದೆ. ಸೊಂಟ ಎದ್ದಿತು. ಆಮೇಲೆ ಬೆನ್ನ ಹಿಂದೆ ಎಲ್ಲೋ ದೂರದಲ್ಲಿ ರೆಕ್ಕೆ ನಿಧಾನವಾಗಿ ಬೀಸಿದ್ದು ಗೊತ್ತಾಯಿತು. ಯಾರೋ ಅಂಗೈಯಲ್ಲಿಟ್ಟು ತಳ್ಳಿದ ಹಾಗೆ ಸರ‍್ರನೆ ಹೋದೆ. ಇನ್ನೊಂದು ಬೀಸು. ಮತ್ತೊಂದು. ತಲೆಯೆತ್ತಿದಾಗ ಆಚೆ ದಡದ ಕಂಬಿ ಕೈಗೆ ಸಿಕ್ಕಿತ್ತು.

ಕೂದಲು ಹಿಂದಕ್ಕೆ ತಳ್ಳಿ, ಮೆಚ್ಚುಗೆಗಾಗಿ ತಿರುಗಿ ನೋಡಿದೆ. ಅತ್ತೆ ನನ್ನ ಕಡೆ ನೋಡುತ್ತಿರಲಿಲ್ಲ. ನೀರಿನಲ್ಲಿ ಕಾಲಾಡಿಸುತ್ತ, ಲೈಫ್‌ಗಾರ್ಡನ್ನು ಪಕ್ಕಕ್ಕೆ ಕರೆದು, ಸೀನಿಯರ್ ಸಿಟಿಜನ್‌ಗೆ ಫೀಸಿನಲ್ಲಿ ಎಷ್ಟು ಬಿಡ್ತೀರಪ್ಪಾ ಅಂತ ವಿಚಾರಿಸುತ್ತಿದ್ದರು.