ಬರತೈತಿ, ಕುಂದರ್ರಿ

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ರಾಮದುರ್ಗದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿ ನೋಡಿ. ಗಂಟೆ ಹೇಳುವವರು ಯಾರೂ ಸಿಗುವುದಿಲ್ಲ. ಕಂಟ್ರೋಲರು ಕಿಟಕಿಯೊಳಗಿಂದ, ಶೇಂಗಾದವ ಬುಟ್ಟಿಯ ಹಿಂದಿನಿಂದ, ಅದೇ ಬಸ್ಸಿಗೆಂದು ಕೂತ ಅಜ್ಜ ಪಟಕಾದ ಕೆಳಗಿನಿಂದ, ಎಲ್ಲರದೂ ಒಂದೇ ಉತ್ತರ: “ಬರತೈತಿ, ಕುಂದರ್ರಿ.” ಬೆಂಗಳೂರಿನಲ್ಲಿ ಧರ್ಮಶಾಸ್ತ್ರ ಓದಿ ಬಂದ ನಮ್ಮ ಸಭೆಯ ಅಯ್ಯನವರೊಬ್ಬರು ಇದನ್ನು ಮೊದಲ ಸಲ ಕೇಳಿದಾಗ ಸಿಟ್ಟಾದರಂತೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವರೂ ಅದನ್ನೇ ಹೇಳತೊಡಗಿದರು. ಮಗಳಿಗೆ ಗಂಡು ಸಿಗದ ತಂದೆಗೆ ಹೇಳಿದರು, ಪಿಂಚಣಿ ಬಾರದ ಮುದುಕಿಗೆ ಹೇಳಿದರು, “ನಿಮ್ಮ ಕಡೆ ಸುವಾರ್ತೆಯ ಕೆಲಸ ಎಲ್ಲಿಗೆ ಬಂತು?” ಎಂದು ಕಾಗದ ಬರೆದ ಮೇಲಿನವರಿಗೂ ಹೆಚ್ಚುಕಡಿಮೆ ಅದನ್ನೇ ಬರೆದರು. ತಂದೆಗೂ ಮುದುಕಿಗೂ ಸಮಾಧಾನವಾಯಿತು. ಮೇಲಿನವರಿಗೆ ಆಗಲಿಲ್ಲ.

ನಮ್ಮ ಕಡೆಯ ಸಭಾಪಾಲಕರ ಆಯುಷ್ಯ ಅರ್ಧ ಪೀಠದ ಮೇಲೆ, ಅರ್ಧ ಬಸ್ಸಿನ ಸೀಟಿನ ಮೇಲೆ. ಬೆಳಿಗ್ಗೆ ಬೈಲಹೊಂಗಲದಲ್ಲಿ ಆರಾಧನೆ, ಮಧ್ಯಾಹ್ನ ಕಿತ್ತೂರ ಕಡೆಯ ಒಂದು ಹಳ್ಳಿಯಲ್ಲಿ ನಾಲ್ಕು ಮನೆಯ ಕೂಟ, ಸಂಜೆ ದೇವರ ಚಿತ್ತವಿದ್ದರೆ ಸವದತ್ತಿ. ಕೈಚೀಲದಲ್ಲಿ ಬೈಬಲ್ಲು, ಸಂಗೀತದ ಪುಸ್ತಕ, ಮಡಚಿದ ಬಿಳಿ ನಿಲುವಂಗಿ, ಪ್ರಭುಭೋಜನದ ಪುಟ್ಟ ಲೋಟಗಳು, ಮತ್ತೆ ಒಂದು ಬಾಟಲಿ. ವಿಜಯಪುರದ ಒಣದ್ರಾಕ್ಷಿಯನ್ನು ರಾತ್ರಿ ನೆನೆಹಾಕಿ, ಕುದಿಸಿ, ಸೋಸಿ ಅಯ್ಯನವರ ಮನೆಯಲ್ಲೇ ತಯಾರಿಸಿದ ರಸ ಅದು. ಅದರ ಬಣ್ಣ ಮಾತ್ರ ಯಾವ ಕಂಡಕ್ಟರನಿಗೂ ಸಂಶಯ ಹುಟ್ಟಿಸುವಂಥದ್ದು. ಒಂದು ಭಾನುವಾರ ಚೀಲ ಸರಿಸುವಾಗ ಬಾಟಲಿ ಹೊರಗೆ ಇಣುಕಿತು.

“ಅಯ್ಯಾರ, ಏನ್ರೀ ಇದು?”

“ದ್ರಾಕ್ಷಿ ರಸ. ಏರೂದಿಲ್ಲ.”

“ಏರೂದಿಲ್ಲ ಅಂದ್ರ ಮತ್ತ ಯಾಕ ಕುಡಿತೀರಿ?”

ಸವದತ್ತಿ ಬರುವವರೆಗೂ ಅಯ್ಯನವರಿಗೆ ಉತ್ತರ ಹೊಳೆಯಲಿಲ್ಲ. ಇಳಿದ ಮೇಲೆ ಹೊಳೆಯಿತು, ಆಗ ಬಸ್ಸು ಹೋಗಿತ್ತು.

ತಾಳ್ಮೆಯ ಬಗ್ಗೆ ನಮ್ಮಲ್ಲಿ ಉಪದೇಶಕ್ಕೆ ಬರ ಇಲ್ಲ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಒಬ್ಬ ಒಕ್ಕಲಿಗ ಬರುತ್ತಾನೆ. ಮುಂಗಾರು ಹಿಂಗಾರು ಎರಡೂ ಸುರಿಯುವ ತನಕ ಬೆಳೆಗಾಗಿ ಕಾದಿರುವವನು. ಪ್ಯಾಲೆಸ್ತೀನದ ಈ ರೈತನನ್ನು ಪರಿಚಯ ಮಾಡಿಕೊಡಲು ಬೇರೆ ಊರಿನ ಪಾಲಕರು ಬೆವರು ಸುರಿಸಬೇಕು. ಬೈಲಹೊಂಗಲದ ಎರಿ ಹೊಲದವರಿಗೆ ಆತ ಪಕ್ಕದ ಬದುವಿನವ. ಹಿಂಗಾರಿನಲ್ಲಿ ಬಿಳಿಜೋಳ ಬಿತ್ತಿ, ಆಮೇಲೆ ಮಣ್ಣಿನೊಳಗಿನ ಹಸಿಯನ್ನೂ ಬೆಳಗಿನ ಇಬ್ಬನಿಯನ್ನೂ ನಂಬಿ ಬದುಕುವ ಜನ ಇವರು. ಉಪದೇಶ ಕೇಳುತ್ತ ಕೂತ ಒಬ್ಬ ಹಿರಿಯರು ಆರಾಧನೆ ಮುಗಿದ ಮೇಲೆ ಅಯ್ಯನವರನ್ನು ಬದಿಗೆ ಕರೆದು ಒಂದು ತಿದ್ದುಪಡಿ ಹೇಳಿದರು: “ಆ ಯಾಕೋಬ ಕಾಯೂದು ಅಷ್ಟ ಬರದಾನ್ರಿ. ಎಡಿ ಹೊಡಿಯೂದು, ಕಸ ತಗಿಯೂದು, ಹಕ್ಕಿ ಕಾಯೂದು ಬರದಿಲ್ಲ. ಅಂವ ಹೊಲಾ ಮಾಡಿದಾಂವ ಅಲ್ಲ ಬಿಡ್ರಿ.” ಅಪೊಸ್ತಲರ ಮಾತಿಗೇ ಹೀಗೆ ತಿದ್ದುಪಡಿ ಸೂಚಿಸುವ ಧೈರ್ಯ ನಮ್ಮ ಸಭೆಗೆ ಎಲ್ಲಿಂದ ಬಂತೋ. ಹಿರಿಯರ ಮಾತು ಮಾತ್ರ ನನಗೆ ಬಹಳ ಹಿಡಿಸಿತು. ಕೈಕಟ್ಟಿ ಕೂತವನು ಕಾಯುತ್ತಿರುವುದು ದೇವರನ್ನೋ ಊಟವನ್ನೋ ಎಂದು ಹೇಳುವುದು ಕಷ್ಟ.

ಇನ್ನು ತಾಳ್ಮೆಯ ಮಾದರಿಗಳೆಂದು ನಾವು ಗೌರವಿಸುವ ಹಳೆ ಒಡಂಬಡಿಕೆಯ ದೊಡ್ಡವರನ್ನು ಹತ್ತಿರದಿಂದ ನೋಡಿದರೆ ಅವರೂ ನಮ್ಮಂಥವರೇ. ದಾವೀದ 13ನೆಯ ಕೀರ್ತನೆಯಲ್ಲಿ ‘ಇನ್ನೂ ಎಷ್ಟು ದಿನ’ ಎಂಬರ್ಥದ ಪ್ರಶ್ನೆಯನ್ನು ಉಸಿರು ಬಿಡದೆ ನಾಲ್ಕು ಸಲ ಕೇಳುತ್ತಾನೆ. ನಮ್ಮ ಕಂಟ್ರೋಲರ ಕಿಟಕಿಯ ಮುಂದೆ ಹಾಗೆ ಕೇಳಿದ್ದರೆ ಅರಸನೆಂದೂ ನೋಡದೆ ಬೈಸಿಕೊಳ್ಳುತ್ತಿದ್ದ. ಅಬ್ರಹಾಮನಿಗೆ ಕರೆ ಬಂದಾಗ ಎಪ್ಪತ್ತೈದು ವರ್ಷ, ಇಸಾಕ ಹುಟ್ಟಿದಾಗ ನೂರು. ನಡುವಿನ ಇಪ್ಪತ್ತೈದು ವರ್ಷ ಸುಮ್ಮನೆ ಕಾದನೇ? ದೇವರಿಗೆ ಒಂದಿಷ್ಟು ಸಹಾಯ ಮಾಡೋಣವೆಂದು ಹೆಂಡತಿಯ ದಾಸಿ ಹಾಗರಳ ಪ್ರಕರಣ ಮಾಡಿಕೊಂಡ. ದೇವರಿಗೆ ಸಹಾಯ ಮಾಡಲು ಹೊರಟವರ ಮನೆಯಲ್ಲಿ ಜಗಳ ಶುರುವಾಗುವುದು ಅಂದಿನಿಂದ ಬಂದ ಪದ್ಧತಿ.

ನಮ್ಮ ಜಿಲ್ಲೆಯ ಮಿಷನ್ ಕಥೆಯೂ ಹೆಚ್ಚಾಗಿ ಕಾಯುವ ಕಥೆಯೇ. ಬೆಳಗಾವಿ ಕೋಟೆ 1818ರಲ್ಲಿ ಕಂಪನಿಯ ಕೈಸೇರಿತು. ಎರಡು ವರ್ಷಕ್ಕೆ, 1820ರಲ್ಲಿ, ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಬಳ್ಳಾರಿಯಿಂದ ಬಂದು ಅಲ್ಲಿ ಕೆಲಸ ಆರಂಭಿಸಿದರು. ಮುಂದೆ ವಿಲಿಯಂ ಬೇನನ್ ಜೊತೆಗೂಡಿದರು. ದಂಡಿನ ಹಿಂದೆಯೇ ಬಂದ ಸುವಾರ್ತೆಯನ್ನು ಊರವರು ದಂಡಿನದೇ ಇನ್ನೊಂದು ಸಾಮಾನೆಂದು ತಿಳಿದಿದ್ದರೆ ಅದನ್ನು ತಪ್ಪು ಎನ್ನಲಾಗದು. ನಾಲ್ಕೇ ವರ್ಷಕ್ಕೆ, 1824ರ ಅಕ್ಟೋಬರ್ 23ರಂದು, ಕಿತ್ತೂರಿನ ಬಾಗಿಲಲ್ಲಿ ಕಂಪನಿಯ ಕಲೆಕ್ಟರ್ ಥ್ಯಾಕರೆ ಬಿದ್ದ. ಡಿಸೆಂಬರಿನಲ್ಲಿ ಕಿತ್ತೂರೂ ಬಿದ್ದಿತು. ರಾಣಿ ಚೆನ್ನಮ್ಮನನ್ನು ತಂದಿಟ್ಟದ್ದು ನಮ್ಮ ಬೈಲಹೊಂಗಲದ ಕೋಟೆಯಲ್ಲಿ. ಆಕೆ ಅಲ್ಲಿ ಕಾದಳು. ಬಿಡುಗಡೆ ಬರಲಿಲ್ಲ. 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡಳು. ತಾಳಿದವರು ಬಾಳುತ್ತಾರೆ ಎಂದು ಉಪದೇಶದಲ್ಲಿ ಸಲೀಸಾಗಿ ಹೇಳುವವರು ಒಮ್ಮೆ ಆಕೆಯ ಸಮಾಧಿಯ ಮುಂದೆ ನಿಂತು ಬರಬೇಕು. ಕಾಯುವವರಿಗೆಲ್ಲ ಸಿಕ್ಕೇ ಸಿಗುತ್ತದೆಂಬ ಲೆಕ್ಕ ಬೈಬಲ್ಲಿನಲ್ಲೂ ಇಲ್ಲ, ಬೈಲಹೊಂಗಲದಲ್ಲೂ ಇಲ್ಲ.

ಟೇಲರ್, ಬೇನನ್ ಮತ್ತು ಅವರ ಹಿಂದೆ ಬಂದವರು ಎಷ್ಟೇ ದುಡಿದರೂ ಸಭೆಯ ಸಂಖ್ಯೆ ದೊಡ್ಡದಾಗಲಿಲ್ಲ. 84 ವರ್ಷ ಕಾದು 1904ರಲ್ಲಿ ಲಂಡನ್ ಮಿಷನ್ನಿನವರು ಬೆಳಗಾವಿಯ ಕೆಲಸವನ್ನು ಅಮೆರಿಕದ ಮೆಥೋಡಿಸ್ಟರಿಗೆ ಒಪ್ಪಿಸಿದರು. ಇಷ್ಟು ಕಾಲ ಕಾದ ಅಂಗಡಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವಾಗ ಅವರ ಮನಸ್ಸು ಹೇಗಿತ್ತೋ. ಬೇನನ್ನರ ಹೆಸರು ಮಾತ್ರ ಉಳಿಯಿತು, ಅದೂ ಶಾಲೆಯ ಮೇಲೆ. ಬೆಳಗಾವಿಯ ಬೇನನ್ ಸ್ಮಿತ್ ಹೈಸ್ಕೂಲಿನಲ್ಲಿ ಕಲಿತ ಲಿಂಗಾಯತರು, ಮರಾಠರು, ಮುಸಲ್ಮಾನರು ಎಲ್ಲರೂ ಆ ಹೆಸರನ್ನು ಗಣಿತದ ಪರೀಕ್ಷೆಯ ಭಯದೊಂದಿಗೆ ನೆನಪಿಟ್ಟಿದ್ದಾರೆ.

ಧಾರವಾಡದ ಕಡೆ ಬಾಸೆಲ್ ಮಿಷನ್ನಿನವರದು ಇನ್ನೂ ಸ್ವಾರಸ್ಯ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದು ಇನ್ನೂ ಕನ್ನಡ ತೊದಲುತ್ತಿರುವಾಗಲೇ ಕಾಲಜ್ಞಾನದ ಪಂಥದವರು ಅವರನ್ನು ಹುಡುಕಿಕೊಂಡು ಬಂದರು. ತಮ್ಮ ಕಾಲಜ್ಞಾನದಲ್ಲಿ ಹೇಳಿದವರು ಇವರೇ ಇರಬಹುದೆಂದು ಬಂದವರ ಎಣಿಕೆ. ಸಾವಿರಗಟ್ಟಲೆ ಜನ ಒಂದೇ ಸಲ ಕ್ರಿಸ್ತನನ್ನು ಒಪ್ಪುತ್ತಾರೆಂದು ಪಾದ್ರಿಗಳ ಎಣಿಕೆ. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ 1841ರ ಹೊತ್ತಿಗೆ ಹೊಲ ಹಿಡಿದು, ಹೊಸ ಕ್ರೈಸ್ತರಿಗೆಂದು ಒಕ್ಕಲುತನದ ಊರನ್ನೇ ಕಟ್ಟಲು ಹೊರಟರು. ಊರು ಸಿದ್ಧವಾಯಿತು, ಜನ ಬರಲಿಲ್ಲ. ಊಟಕ್ಕೆ ಎಲೆ ಹಾಕಿ ಬೀಗರ ದಾರಿ ನೋಡಿದವರಿಗೆ ಈ ಸಂಕಟ ಗೊತ್ತು. ದೇವರ ಹೆಸರಿನಲ್ಲಿ ಅವಸರ ಮಾಡಿದ ಪಾದ್ರಿಗಳನ್ನು ಕಂಡು ನಗು ಬರುತ್ತದೆ ನಿಜ. ಆದರೆ ತಮ್ಮ ಸೋಲನ್ನೂ ಮುಚ್ಚದೆ ಊರಿಗೆ ವರದಿ ಬರೆದರಲ್ಲ, ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ನಮ್ಮ ಈಗಿನ ವರದಿಗಳಲ್ಲಿ ಸೋಲಿಗೆ ಕಾಲಮ್ಮೇ ಇರುವುದಿಲ್ಲ.

ಅದೇ ಮಿಷನ್ನಿನಿಂದ 1853ರಲ್ಲಿ ಧಾರವಾಡಕ್ಕೆ ಬಂದವರು ಫರ್ಡಿನೆಂಡ್ ಕಿಟೆಲ್. ಪ್ರಚಾರಕರಾಗಿ ಅವರು ತಮ್ಮವರಿಗೇ ಪೂರ್ತಿ ಒಗ್ಗಿದವರಲ್ಲ. ಎಷ್ಟು ಜನಕ್ಕೆ ದೀಕ್ಷಾಸ್ನಾನ ಕೊಟ್ಟರೆಂದು ನಮ್ಮ ಸಭೆಯಲ್ಲೂ ಯಾರೂ ಕೇಳುವುದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ ಎಂಬುದು ಎಲ್ಲರಿಗೂ ಗೊತ್ತು. ಬಂದದ್ದಕ್ಕೂ ಕೊಟ್ಟು ಹೋದದ್ದಕ್ಕೂ ನಡುವೆ 41 ವರ್ಷ. ಅವರ ಆರೋಗ್ಯ ಕೆಟ್ಟಿತು, ಕಣ್ಣು ದಣಿದವು, ಕೆಲಸ ಮಾತ್ರ ಎಡೆ ಹೊಡೆದಂತೆ ಸಾಲು ಸಾಲಾಗಿ ಸಾಗಿತು. ನಮ್ಮ ಹಿರಿಯರು ಯಾಕೋಬನಿಗೆ ಸೂಚಿಸಿದ ತಿದ್ದುಪಡಿಯನ್ನು ಕಿಟೆಲ್ ಮೊದಲೇ ಪಾಲಿಸಿದ್ದರು ಎನ್ನಬೇಕು.

ಕಾಯುವ ಇನ್ನೊಂದು ಬಗೆಯನ್ನು ನೋಡಬೇಕಾದರೆ ಬೈಲಹೊಂಗಲ ತಾಲ್ಲೂಕಿನ ದೇಶನೂರಿಗೆ ಹೋಗಬೇಕು. ಅಲ್ಲಿ ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠವಿದೆ. ಅರುಳಪ್ಪನವರೆಂದರೆ ಜನರಿಗೆ ನೀರಿನಲ್ಲಿ ದೀಕ್ಷೆ ಕೊಟ್ಟ ಯೋಹಾನನೇ. ಗೋವಾದಿಂದ ಬಂದ ಯೇಸುಸಭೆಯ ಪಾದ್ರಿ ಅರ್ಮಾಂಡೊ ಆಲ್ವಾರಿಸ್ ಸ್ವಾಮಿ ಅಮಲಾನಂದರಾಗಿ, ಕಾವಿ ಉಟ್ಟು, ಕಾಯಿಪಲ್ಯ ಉಂಡು, ಕನ್ನಡವನ್ನೇ ತಮ್ಮದಾಗಿಸಿಕೊಂಡು ಇಲ್ಲಿ ನೆಲೆಸಿದರು. ನಮ್ಮ ಮೆಥೋಡಿಸ್ಟ್ ಹಿರಿಯರಿಗೆ ಇದು ಸ್ವಲ್ಪ ಕಸಿವಿಸಿ. ಪಾದ್ರಿಯೆಂದರೆ ಬಿಳಿ ನಿಲುವಂಗಿ ಇರಬೇಕು, ಹಬ್ಬಕ್ಕೆ ಕೋಳಿ ಇರಬೇಕು. ನನಗೋ ಅದು ಹಿಡಿಸುತ್ತದೆ. ಊರು ತನ್ನ ಬಳಿಗೆ ಬರಲೆಂದು ಕಾಯುವ ಬದಲು ತಾನೇ ಊರಿನವನಾಗಲು ತಗಲುವಷ್ಟು ಕಾಲವನ್ನು ಕೊಡುವುದು ಸಣ್ಣ ಮಾತಲ್ಲ. ಕೋಳಿಯ ವಿಷಯದಲ್ಲಿ ಮಾತ್ರ ನಾನು ಮೆಥೋಡಿಸ್ಟನೇ.

2021ರ ಡಿಸೆಂಬರ್ 23ರಂದು, ಕ್ರಿಸ್ಮಸ್ಸಿಗೆ ಎರಡೇ ದಿನ ಇರುವಾಗ, ಬೆಳಗಾವಿಯ ಸುವರ್ಣಸೌಧದಲ್ಲಿ ಮತಾಂತರ ತಡೆಯುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಆ ವರ್ಷ ನಮ್ಮ ಹಾಡುಗಳ ದನಿ ಸ್ವಲ್ಪ ಸಣ್ಣದಾಗಿತ್ತೆಂದು ಹೇಳಬೇಕು. ತಟ್ಟೆ ಹಿಡಿದು ಪಕ್ಕದ ಮನೆಗೆ ಹೋಗುವುದೋ ಬೇಡವೋ ಎಂದು ನಮ್ಮವ್ವ ಹೊಸ್ತಿಲಲ್ಲಿ ನಿಂತಿದ್ದಳು. ಪಕ್ಕದ ಮನೆಯ ಲಿಂಗಾಯತರ ಕಾಕಾ ತಾವೇ ಬಂದರು. “ಯಾಕ್ ವೈನಿ, ಈ ವರ್ಷ ಕರ್ಚಿಕಾಯಿ ಇಲ್ಲೇನು? ಇಷ್ಟು ವರ್ಷ ತಿಂದೇವಿ, ನಮ್ಮ ಮನ್ಯಾಗ ಒಬ್ಬರೂ ಕ್ರಿಸ್ತಾನರಾಗಿಲ್ಲ. ಏನೋ ಕಮ್ಮಿ ಹಾಕ್ತೀರಿ ನೀವು ಅದರಾಗ.” ಅವ್ವ ನಕ್ಕು ಇಡೀ ಡಬ್ಬಿಯನ್ನೇ ಕೊಟ್ಟಳು. ಕಾನೂನಿನ ಚರ್ಚೆ ನಮ್ಮ ಓಣಿಯಲ್ಲಿ ಅಲ್ಲಿಗೆ ಮುಗಿಯಿತು. ಎಲ್ಲ ಓಣಿಗಳಲ್ಲೂ ಹೀಗೆ ಮುಗಿಯಿತೆಂದು ನಾನು ಹೇಳಲಾರೆ.

ಪ್ರಾರ್ಥನೆಗೆ ಉತ್ತರ ತಡವಾದರೆ ಒಂದು ಕಷ್ಟ, ಒಮ್ಮೆಲೇ ಬಂದರೆ ಇನ್ನೊಂದು. ಸವದತ್ತಿಯ ನವಿಲುತೀರ್ಥದ ಅಣೆಕಟ್ಟು ಸುಮಾರು 37 ಟಿಎಂಸಿ ನೀರು ಹಿಡಿಯುವಂಥದ್ದು, ತುಂಬದೆ ಉಳಿದ ವರ್ಷಗಳೇ ಹೆಚ್ಚು. ಬೇಸಿಗೆಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರು ಅಲ್ಲಿ ಬೇಡಿಕೊಳ್ಳುತ್ತಾರೆ, ನಾವು ಚರ್ಚಿನಲ್ಲಿ ಮಳೆಗಾಗಿ ಮೊಣಕಾಲೂರುತ್ತೇವೆ. 2019ರ ಆಗಸ್ಟಿನಲ್ಲಿ ಅಣೆಕಟ್ಟು ತುಂಬಿತು, ತುಂಬಿ ಹರಿಯಿತು. ಮಲಪ್ರಭೆ ರಾಮದುರ್ಗದ ಕಡೆಯ ಊರುಗಳೊಳಗೆ ನುಗ್ಗಿ ನೇಕಾರರ ಮಗ್ಗಗಳನ್ನು ಮುಳುಗಿಸಿತು. ಹಚ್ಚಿದ ಹಾಸು ಹಾಗೇ ಕೊಳೆಯಿತು. ಕೆಸರು ತೊಳೆಯಲು ಹೋದ ನಮ್ಮ ಯುವಕರ ಸಂಘದವರನ್ನು ನೇಕಾರರ ಮನೆಯ ಅಜ್ಜಿಯೊಬ್ಬಳು ಕೇಳಿದಳಂತೆ: “ಬೇಡ್ಕೊಳ್ಳೂದು ಹೇಳಿಕೊಟ್ರಿ. ಸಾಕು ಅನ್ನೂದು ಹೆಂಗಂತ ಯಾರರ ಹೇಳಿಕೊಟ್ರೇನು?” ಹುಡುಗರು ಉತ್ತರ ಕೊಡದೆ ಸಲಿಕೆ ಹಿಡಿದರು. ಅಷ್ಟು ಒಳ್ಳೆಯ ಉಪದೇಶವನ್ನು ಆ ವರ್ಷ ನಮ್ಮ ಪೀಠದಿಂದ ಯಾರೂ ಮಾಡಲಿಲ್ಲ.

ಈ ಎಲ್ಲದರ ಲೆಕ್ಕ ಇಟ್ಟವರು ನಮ್ಮ ಸಭೆಯಲ್ಲಿ ಒಬ್ಬರಿದ್ದಾರೆ. ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದ ಅಕ್ಕೋರು. ಹಾಜರಿ ಪುಸ್ತಕದ ಅಭ್ಯಾಸ ಬಿಡದೆ ಪ್ರಾರ್ಥನೆಗೂ ಒಂದು ವಹಿ ಮಾಡಿದ್ದಾರೆ. ಎಡಗಡೆ ತಾರೀಖು ಮತ್ತು ಬೇಡಿಕೆ, ಬಲಗಡೆ ಉತ್ತರ. ಒಮ್ಮೆ ಕನ್ನಡಕ ಹುಡುಕಿಕೊಟ್ಟದ್ದಕ್ಕೆ ಮೆಚ್ಚಿ ನನಗೆ ಎರಡು ಪುಟ ತೋರಿಸಿದರು. ‘ಮಗನಿಗೆ ನೌಕರಿ’ ಎಂಬುದರ ಎದುರು ‘ಸೊಸೆಗೆ ಸಿಕ್ಕಿತು’ ಎಂದಿತ್ತು. ‘ಮೊಣಕಾಲು ನೋವು’ ಎಂಬುದರ ಎದುರು ‘ಇನ್ನೊಂದಕ್ಕೂ ಬಂತು’. ‘ತಮ್ಮ ಕುಡಿತ ಬಿಡಲಿ’ ಎಂಬುದರ ಎದುರು ಖಾಲಿ, ಬೇಡಿಕೆಯ ಮಸಿ ಮಾಸಿ ಮೇಲೆ ಮತ್ತೊಮ್ಮೆ ತಿದ್ದಿ ಬರೆದಿದ್ದರು. ಬಲಗಡೆ ಖಾಲಿ ಉಳಿದ ಸಾಲುಗಳೇ ಹೆಚ್ಚು. ಒಂದನ್ನೂ ಕಾಟು ಹಾಕಿರಲಿಲ್ಲ.

ಈ ವಹಿಯ ಸುದ್ದಿ ಅಯ್ಯನವರ ಕಿವಿಗೂ ಬಿತ್ತು. ಒಂದು ಭಾನುವಾರ, ಒಂದೂವರೆ ತಾಸಿನ ಉಪದೇಶ ಮುಗಿಸಿ, ಬಾಗಿಲಲ್ಲಿ ಕೈಕುಲುಕುತ್ತ ಅಕ್ಕೋರನ್ನು ತಡೆದರು. ಬರುವ ವಾರ ತಾಳ್ಮೆಯ ಮೇಲೆ ಮಾತಾಡುವುದಿದೆ, ಸಾಕ್ಷಿಗೆ ಆ ವಹಿ ಬೇಕು ಎಂದರು.

“ಕೊಡಾಕ ಬರೂದಿಲ್ರಿ ಅಯ್ಯಾರ,” ಎಂದರು ಅಕ್ಕೋರು, “ಅದರಾಗ ನಿಮ್ಮ ಹೆಸರೂ ಐತಿ.”

ಅಯ್ಯನವರ ಮುಖ ಅರಳಿತು. “ನನ್ನ ಸಲುವಾಗೂ ಪ್ರಾರ್ಥನಾ ಮಾಡ್ತೀರೇನು? ಉತ್ತರ ಬಂತೇನ್ರಿ?”

ಅಕ್ಕೋರು ಚರ್ಚಿನ ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿದರು. “ಇನ್ನೂ ಇಲ್ರಿ. ನೀವು ಬಂದ ವರ್ಷ ಬರದದ್ದು.”